ಮಲಗುವ ಚಾಪೆ ಎಣಿಸುವ ಡಾಕ್ಟರು

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು "ನೀವು ಯಾವುದರ ಡಾಕ್ಟ್ರು?" ಎಂದು ಕೇಳಿದರೆ ನಮ್ಮ ಪಿ.ಜಿ. ವಿದ್ಯಾರ್ಥಿಗಳು ತಡವರಿಸುತ್ತಾರೆ. ಕಮ್ಯುನಿಟಿ ಮೆಡಿಸಿನ್ ಅಂದರೆ, "ಅದು ಎಂತದ್ದು ಮಾರಾಯ್ರೆ, ಹಾರ್ಟಾ, ಎಲುಬಾ?" ಎಂಬ ಮರುಪ್ರಶ್ನೆ. ಎಂಬಿಬಿಎಸ್ ಮುಗಿಸಿ, ನೀಟ್-ಪಿಜಿ ಬರೆದು, ಮೂರು ವರ್ಷ ಕಲಿಯುವ, ಇಡೀ ಸಮುದಾಯದ ಆರೋಗ್ಯ ನೋಡುವ ಎಂ.ಡಿ. ಇದು. ಬೇರೆ ವಿಭಾಗದವರಷ್ಟೇ ಓದು, ಥೀಸಿಸ್, ಪರೀಕ್ಷೆ ಎಲ್ಲ ಉಂಟು. ಹಾಸಿಗೆಯಲ್ಲಿ ಮಲಗಿದ ರೋಗಿ ಮಾತ್ರ ಇಲ್ಲ.

ಕಷ್ಟ ಇರುವುದೂ ಅಲ್ಲೇ. ಎದುರಿಗೆ ಕೂತವನ ನಾಡಿ ಹಿಡಿಯಲು ವರ್ಷಗಟ್ಟಲೆ ಕಲಿತವರಿಗೆ, ಆಸ್ಪತ್ರೆಗೆ ಬಾರದೇ ಉಳಿದವರ ಬಗ್ಗೆ ಯೋಚಿಸಿ ಎಂದರೆ ತಲೆಗೆ ಹೋಗಲು ಸಮಯ ಬೇಕು.

ಒಂದು ಮಳೆಗಾಲದ ಮಾತು. ನಗರ ಆರೋಗ್ಯ ಕೇಂದ್ರಕ್ಕೆ ವಾರದೊಳಗೆ ಮೂವರು ಕಟ್ಟಡ ಕಾರ್ಮಿಕರು ಚಳಿಜ್ವರವೆಂದು ಬಂದರು. ಮೂವರಿಗೂ ವೈವ್ಯಾಕ್ಸ್ ಮಲೇರಿಯಾ. ಮೊದಲ ವರ್ಷದ ವಿದ್ಯಾರ್ಥಿನಿ ಚೀಟಿಯನ್ನು ತಪ್ಪಿಲ್ಲದೆ ಬರೆದಿದ್ದಳು: ಕ್ಲೋರೊಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ. "ಇವರು ರಾತ್ರಿ ಮಲಗುವುದು ಎಲ್ಲಿ?" ಎಂದೆ. ಗೊತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಅದಕ್ಕೊಂದು ಕಲಮೇ ಇಲ್ಲ.

ಹೊರಟೆವು. ಮಂಗಳೂರಿನ ಕದ್ರಿ ಕಡೆಯ, ಅರ್ಧ ಎದ್ದ ಬಹುಮಹಡಿ ಕಟ್ಟಡ. ಲಿಫ್ಟಿನ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಸೊಳ್ಳೆಮರಿ (ಲಾರ್ವಾ) ಹಿಡಿಯುವ ಬಿಳಿ ಸೌಟನ್ನು ಓರೆಯಾಗಿ, ನಮ್ಮ ನೆರಳು ನೀರಿನ ಮೇಲೆ ಬೀಳದಂತೆ ಇಳಿಸಬೇಕು. ನೆರಳು ಬಿದ್ದರೆ ಲಾರ್ವಾಗಳು ಸರ್ರನೆ ತಳಕ್ಕೆ ಹೋಗುತ್ತವೆ. ಮೂರನೇ ಸಲಕ್ಕೆ ಸಿಕ್ಕವು, ನೀರಿನ ಮೇಲ್ಮೈಗೆ ಅಂಟಿದಂತೆ ಅಡ್ಡ ಮಲಗಿದವು. ಮಲೇರಿಯಾ ಹರಡುವ ಅನಾಫಿಲಿಸ್. ಡೆಂಗಿಯ ಈಡಿಸ್ ಆಗಿದ್ದರೆ ತಲೆಕೆಳಗಾಗಿ ನೇತಾಡುತ್ತಿದ್ದವು. ಪುಸ್ತಕದ ಚಿತ್ರ ಅವಳ ಸೌಟಿನಲ್ಲಿ ಜೀವಂತ ಈಜುತ್ತಿತ್ತು. ಮಂಗಳೂರಿನ ಮಲೇರಿಯಾ ಗದ್ದೆಯದ್ದಲ್ಲ, ಟ್ಯಾಂಕಿ, ಸಂಪು ಮತ್ತು ಸ್ಲ್ಯಾಬಿನ ಕ್ಯೂರಿಂಗ್ ನೀರಿನದ್ದು; ಇದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಜಾತಿಯ ಸೊಳ್ಳೆಗೆ ಇಂಥ ತಿಳಿನೀರೇ ಬೇಕು.

"ಮಳೆ ನೀರು ಸರ್, ನಾವೆಂತ ಮಾಡುದು?" ಎಂದ ಸೂಪರ್‌ವೈಸರ್. ಪಂಪು ಇಟ್ಟು ಖಾಲಿ ಮಾಡುದು, ಮತ್ತೆಂತ!

ಎಷ್ಟು ಜನ ಇದ್ದಾರೆ ಎಂದಾಗ ಮೇಸ್ತ್ರಿ 30 ಅಂದ. ಅವಳು ನೆಲ ಮಹಡಿಗೆ ಹೋಗಿ ಚಾಪೆ ಎಣಿಸಿದಳು: 47. ಸೊಳ್ಳೆಪರದೆ ಒಂದೂ ಇಲ್ಲ. ಒಟ್ಟು ಎಷ್ಟು ಜನರ ಪೈಕಿ ಎಂಬ ಈ ಛೇದ ಸಿಗದೆ ಮೂರು ಕೇಸು ಹೆಚ್ಚೋ ಕಡಿಮೆಯೋ ಹೇಳಲು ಬರುವುದಿಲ್ಲ. ಜನರಲ್ಲಿ ರೋಗ ಹರಡುವ ಬಗೆಯನ್ನು ಲೆಕ್ಕ ಹಾಕುವ ಎಪಿಡೆಮಿಯಾಲಜಿಯ ಅರ್ಧ ಜೀವ ಅಲ್ಲಿದೆ. ಕ್ಲಾಸಿನಲ್ಲಿ ಎಷ್ಟು ಗಂಟಲು ಹರಿದುಕೊಂಡರೂ ಚಾಪೆ ಎಣಿಸಿದಷ್ಟು ಗಟ್ಟಿಯಾಗಿ ಅದು ಕೂರುವುದಿಲ್ಲ.

ಮೂವರಲ್ಲಿ ಒಬ್ಬನ ಚೀಲದಲ್ಲಿ ಪ್ರೈಮಾಕ್ವಿನ್ ಇತ್ತು. 4 ದಿನದ್ದು ನುಂಗಿದ್ದ, 10 ದಿನದ್ದು ಹಾಗೇ ಉಳಿದಿತ್ತು. "ಬುಖಾರ್ ಉತರ್ ಗಯಾ" ಎಂದ, ಜ್ವರ ಇಳಿಯಿತಂತೆ. ಅವನ ಲೆಕ್ಕ ಅವನಿಗೆ ಸರಿ. ಆದರೆ ಈ ಮಾತ್ರೆ ಪೂರ್ತಿ ನುಂಗದಿದ್ದರೆ ವೈವ್ಯಾಕ್ಸ್ ರೋಗಾಣು ಪಿತ್ತಜನಕಾಂಗದಲ್ಲಿ ನಿದ್ದೆ ಹೋಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೆ ಏಳುತ್ತದೆ. ಅಷ್ಟರಲ್ಲಿ ಇವನು ಇನ್ನೊಂದು ಸೈಟಿನಲ್ಲಿರುತ್ತಾನೆ. ಅಲ್ಲಿ ಅದು "ಹೊಸ ಕೇಸು".

ದೇಶದ ಆರೋಗ್ಯ ಸೇವೆಯ ಬಗ್ಗೆ ವರದಿ ಕೊಟ್ಟ 1946ರ ಭೋರ್ ಸಮಿತಿ ಎಂಬಿಬಿಎಸ್ ಓದುವವರಿಗೇ ಮೂರು ತಿಂಗಳ ಇಂಥ ತರಬೇತಿ ಬೇಕೆಂದಿತ್ತು. ಪಿ.ಜಿ. ಶಿಕ್ಷಣದ ನಿಯಮಗಳಿಗೆ ಬಂದ 2020ರ ತಿದ್ದುಪಡಿಯಿಂದ ಈಗ ಎಲ್ಲ ವಿಭಾಗದ ಪಿ.ಜಿ.ಗಳೂ ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಮೂರು ತಿಂಗಳು ಕೆಲಸ ಮಾಡಬೇಕು. ಒಳ್ಳೆಯ ನಿಯಮ. ಆದರೆ ನಮ್ಮ ಒಬ್ಬನನ್ನು ಒಂದು ಆಸ್ಪತ್ರೆಯವರು ಕೈ ಸಾಲದೆಂದು ಮೂರೂ ತಿಂಗಳು ಕ್ಯಾಶುವಲ್ಟಿಗೆ ಹಾಕಿದರು. ರೋಗ ಸಮೀಕ್ಷೆಯ ಕೋಣೆಯ ಬಾಗಿಲನ್ನೂ ನೋಡದೆ ಬಂದ. ಅಮೆರಿಕದಲ್ಲಿ ಈ ವಿಭಾಗದವರು ಮೊದಲು ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದು, ಆಮೇಲೆ ಸಾರ್ವಜನಿಕ ಆರೋಗ್ಯದ ಓದಿಗೆ ಇಳಿಯುತ್ತಾರೆ. ನಮ್ಮಲ್ಲಿ ಎರಡೂ ಕಲಸಿ ಹೋಗುತ್ತವೆ, ಕೊನೆಗೆ ಗೆಲ್ಲುವುದು ಕ್ಯಾಶುವಲ್ಟಿಯೇ.

ಹದಿನೈದನೇ ದಿನ ಅವಳೇ ಮತ್ತೆ ಸೈಟಿಗೆ ಹೋದಳು. ಗುಂಡಿ ಒಣಗಿತ್ತು. ಇಬ್ಬರ ಸ್ಟ್ರಿಪ್ಪು ಖಾಲಿ. ಹತ್ತು ದಿನದ್ದು ಉಳಿಸಿದ್ದವನನ್ನು ಕಂಟ್ರಾಕ್ಟರ್ ಸುರತ್ಕಲ್ ಕಡೆಗೆ ಕಳಿಸಿದ್ದ. ನಾನು ವಿಭಾಗಕ್ಕೆ ಬಂದಾಗ ಅವಳು ಆ ಭಾಗದ ಆಶಾ ಕಾರ್ಯಕರ್ತೆಗೆ ಫೋನಿನಲ್ಲಿ ಅವನ ಗುರುತು ಹೇಳುತ್ತಿದ್ದಳು: "ಅಕ್ಕಾ, ಎಡಗೈಗೆ ಹಸಿರು ದಾರ ಕಟ್ಟಿದ್ದಾನೆ, ಸೆಂಟ್ರಿಂಗ್ ಕೆಲಸದವ..."