ಮನೆ ಬದಲಿಸುವಾಗ ವೀಣೆಯ ಲೆಕ್ಕವನ್ನು ಎಲ್ಲಿ ಬರೆಯಬೇಕು?

ಬಾಡಿಗೆ ಮನೆ ಬದಲಿಸಲು ಹೊರಟ ಕುಟುಂಬಗಳು ನನ್ನ ಮುಂದಿಡುವ ಲೆಕ್ಕದ ಹಾಳೆಯಲ್ಲಿ ಬಾಡಿಗೆ, ಅಡ್ವಾನ್ಸ್, ಮಕ್ಕಳ ಶಾಲಾ ಶುಲ್ಕ, ಸಾಲದ ಕಂತು, ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ಎಲ್ಲವೂ ಇರುತ್ತವೆ. ಆದರೆ ಮನೆಯೊಡತಿ ಎಷ್ಟೋ ವರ್ಷಗಳಿಂದ ಕಲಿಯುತ್ತಿರುವ ವೀಣೆಗಾಗಲಿ, ಮನೆಯೊಡೆಯ ಭಾನುವಾರಗಳಲ್ಲಿ ಕುಳಿತು ಬಿಡಿಸುವ ಚಿತ್ರಗಳಿಗಾಗಲಿ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಕುಟುಂಬಗಳ ಹಣಕಾಸು ಯೋಜನೆ ಮಾಡಿಕೊಡುವ ನನ್ನ ವೃತ್ತಿಯಲ್ಲಿ ಇದರ ಎರಡು ಪರಿಣಾಮಗಳನ್ನು ಮತ್ತೆ ಮತ್ತೆ ನೋಡುತ್ತೇನೆ. ಒಂದೋ ಮನೆ ಬದಲಿಸಿದ ಮೇಲೆ ಹವ್ಯಾಸ ಸದ್ದಿಲ್ಲದೆ ನಿಂತುಹೋಗುತ್ತದೆ. ಇಲ್ಲವೇ ಅದರ ಹೆಸರಿನಲ್ಲಿ ದೊಡ್ಡ ಮನೆ ಹಿಡಿದು, ಆ ಹೆಚ್ಚುವರಿ ಬಾಡಿಗೆಯ ಭಾರವನ್ನು ಮಗಳ ಓದಿಗೆಂದು ಕಟ್ಟುತ್ತಿದ್ದ ಎಸ್‌ಐಪಿ ಹೊರುತ್ತದೆ. ಹವ್ಯಾಸಕ್ಕೆ ನಿಜವಾಗಿ ಏನು ಬೇಕು ಎಂಬುದನ್ನು ಮನೆ ಹುಡುಕುವ ಮೊದಲೇ ರೂಪಾಯಿಯಲ್ಲಿ ಬರೆದುಕೊಂಡರೆ ಈ ಎರಡನ್ನೂ ತಪ್ಪಿಸಬಹುದು.

ಹವ್ಯಾಸದ ಖರ್ಚು ಎಂದೊಡನೆ ಜನರಿಗೆ ನೆನಪಾಗುವುದು ತಂತಿ, ಬಣ್ಣ, ಕುಂಚ, ದಾರ ಇತ್ಯಾದಿ ಸಾಮಗ್ರಿ ಮತ್ತು ಗುರುಗಳಿಗೆ ಕೊಡುವ ಶುಲ್ಕ. ಈ ಖರ್ಚುಗಳು ಮಧ್ಯಮ ವರ್ಗದ ಮನೆಯನ್ನು ಮುಳುಗಿಸಿದ್ದನ್ನು ನಾನು ಕಂಡಿಲ್ಲ. ಭಾರವಾಗುವ ಖರ್ಚು ಕಾಣದ ಕಡೆ ಇರುತ್ತದೆ: ಜಾಗಕ್ಕಾಗಿ ಕೊಡುವ ಬಾಡಿಗೆಯಲ್ಲಿ, ಇಲ್ಲವೇ ಗುರುಗಳ ಮನೆಗೆ ಹೋಗಿಬರುವ ದಾರಿಯಲ್ಲಿ. ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ, ಈ ಹವ್ಯಾಸಕ್ಕೆ ಬೇಕಾಗಿರುವುದು ಕೋಣೆಯೋ, ಸದ್ದು ಸಹಿಸುವ ನೆರೆಹೊರೆಯೋ, ಗುರುಗಳ ಸಾಮೀಪ್ಯವೋ ಎಂದು. ಉತ್ತರ ಯಾವುದು ಎಂಬುದರ ಮೇಲೆ ಮನೆ ಇರಬೇಕಾದ ಬಡಾವಣೆಯೇ ಬದಲಾಗುತ್ತದೆ.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಗುರುತು ಸಿಗದಿರಲೆಂದು ಹಲವು ಕುಟುಂಬಗಳ ಲೆಕ್ಕವನ್ನು ಒಂದೇ ಕುಟುಂಬದ ಲೆಕ್ಕವಾಗಿ ಹೊಂದಿಸಿದ್ದೇನೆ. ಗಂಡ ಹೆಂಡತಿ ಬೆಂಗಳೂರಿನ ಜಯನಗರದಲ್ಲಿ 28,000 ರೂಪಾಯಿ ಬಾಡಿಗೆಯ ಎರಡು ಕೋಣೆಗಳ ಮನೆಯಲ್ಲಿದ್ದಾರೆ. ಗಂಡನ ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಹೆಂಡತಿ ಬಸವನಗುಡಿಯಲ್ಲಿರುವ ಗುರುಗಳ ಬಳಿ ವಾರಕ್ಕೆ ಎರಡು ದಿನ ವೀಣೆ ಕಲಿಯುತ್ತಾರೆ. ಏಳು ವರ್ಷಗಳಲ್ಲಿ ಮಗಳ ಕಾಲೇಜು ಓದಿಗೆ ಹಣ ಕೂಡಿಸುವುದು ಅವರ ಮುಖ್ಯ ಗುರಿ. ಮನೆ ಮಾಲೀಕರು ತಮ್ಮ ಮಗನಿಗಾಗಿ ಮನೆ ಬಿಡಿಸಿಕೊಳ್ಳುತ್ತಿರುವುದರಿಂದ ಬೇರೆ ಮನೆ ನೋಡಲೇಬೇಕಾಗಿದೆ. ಎಲೆಕ್ಟ್ರಾನಿಕ್ ಸಿಟಿಯ ಕಡೆ 33,000ಕ್ಕೆ ಮೂರು ಕೋಣೆಗಳ ಮನೆ ಸಿಗುತ್ತದೆ, 27,000ಕ್ಕೆ ಎರಡು ಕೋಣೆಗಳದ್ದು; ಗುರುಗಳ ಮನೆಗೆ ಹತ್ತಿರವಾದ ಬನಶಂಕರಿಯಲ್ಲಿ ಎರಡು ಕೋಣೆಗಳ ಮನೆಗೆ 30,000. ‘ವೀಣೆಗೆ ಒಂದು ಕೋಣೆ ಆಗುತ್ತದೆ, ಕಚೇರಿಯೂ ಹತ್ತಿರ’ ಎಂಬ ಕಾರಣಕ್ಕೆ ಅವರ ಮನಸ್ಸು ಮೂರು ಕೋಣೆಗಳ ಮನೆಯ ಕಡೆಗಿತ್ತು.

ಅದೇ ಬಡಾವಣೆಯಲ್ಲಿ ಎರಡು ಕೋಣೆಗಳ ಮನೆಗಿಂತ ಮೂರು ಕೋಣೆಗಳ ಮನೆಗೆ ತಿಂಗಳಿಗೆ 6,000 ರೂಪಾಯಿ ಹೆಚ್ಚು. ಏಳು ವರ್ಷಗಳಲ್ಲಿ ಅದು 5.04 ಲಕ್ಷ ರೂಪಾಯಿ. ಅದೇ ಹಣವನ್ನು ತಿಂಗಳು ತಿಂಗಳು ವಾರ್ಷಿಕ ಶೇ 7ರ ಆದಾಯ ಬರುವಲ್ಲಿ ತೊಡಗಿಸಿದ್ದರೆ ಸುಮಾರು 6.48 ಲಕ್ಷವಾಗುತ್ತಿತ್ತು. ಬಾಡಿಗೆ ಹೆಚ್ಚಿದಷ್ಟೂ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಸಮಾಧಾನಪಡುವವರೂ ಇದ್ದಾರೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಆ ವಿನಾಯಿತಿಯೇ ಇಲ್ಲ. ಇಷ್ಟಕ್ಕೂ ವೀಣೆಗೆ ಪ್ರತ್ಯೇಕ ಕೋಣೆಯ ಅಗತ್ಯವಿಲ್ಲ. ಒಂದು ಜಮಖಾನ ಹಾಸುವಷ್ಟು ಜಾಗ, ಬೆಳಿಗ್ಗೆ ಒಂದು ಗಂಟೆಯ ನೆಮ್ಮದಿ, ವಾದ್ಯವನ್ನು ಬಿಸಿಲು ಮತ್ತು ತೇವ ತಾಗದಂತೆ ಇಡುವ ಒಂದು ಮೂಲೆ ಇದ್ದರೆ ಸಾಕು. ಅದಕ್ಕೆ ನಿಜವಾಗಿ ಬೇಕಾದದ್ದು ಗುರುಗಳ ಸಾಮೀಪ್ಯ.

ಆ ಸಾಮೀಪ್ಯದ ಬೆಲೆಯನ್ನೂ ಲೆಕ್ಕ ಹಾಕಬಹುದು. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೊ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಅನಂತರದ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಎಲೆಕ್ಟ್ರಾನಿಕ್ ಸಿಟಿ ಕಡೆಯ ಮನೆಯಿಂದ ಗುರುಗಳ ಮನೆಗೆ ವೀಣೆಯೊಂದಿಗೆ 18 ಕಿಲೋಮೀಟರ್ ಆಟೊದಲ್ಲಿ ಹೋದರೆ ಮೀಟರ್ ಪ್ರಕಾರವೇ 324 ರೂಪಾಯಿ. ತಿಂಗಳಿಗೆ ಎಂಟು ಪಾಠಗಳಿಗೆ ಹೋಗಿಬಂದರೆ 5,184 ರೂಪಾಯಿ. ಈ ಹಣ ಹವ್ಯಾಸದ ಖಾತೆಯಲ್ಲಿಯೂ ಇಲ್ಲದೆ, ಮನೆ ಬಾಡಿಗೆಯಲ್ಲಿಯೂ ಕಾಣದೆ ‘ಓಡಾಟ’ ಎಂಬ ಸಾಲಿನೊಳಗೆ ಸೇರಿಹೋಗುತ್ತದೆ. ಮೂರ್ನಾಲ್ಕು ತಿಂಗಳು ಕಳೆದ ಮೇಲೆ ವಾರಕ್ಕೆ ಎರಡು ಪಾಠ ಒಂದಾಗುತ್ತದೆ, ಆಮೇಲೆ ತಿಂಗಳಿಗೆ ಒಂದಾಗುತ್ತದೆ. ಕಲಿಕೆ ನಿಲ್ಲುವುದು ಸಾಮಾನ್ಯವಾಗಿ ಹೀಗೆಯೇ. ನಿಲ್ಲಿಸೋಣವೆಂದು ಯಾರೂ ಕುಳಿತು ತೀರ್ಮಾನಿಸಿರುವುದಿಲ್ಲ, ಅದೇ ನನಗೆ ಬಹಳ ನೋವಿನ ಸಂಗತಿ.

ಇನ್ನೊಂದು ಕಡೆಯಿಂದ ನೋಡಿದರೆ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾದ ಮೇಲೆ ಬನಶಂಕರಿಯಲ್ಲಿದ್ದುಕೊಂಡು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಹೋಗಿಬರುವುದು ಮೊದಲಿನಷ್ಟು ಕಷ್ಟವಲ್ಲ. ಹಾಗಾಗಿ ಬನಶಂಕರಿಯ ಮನೆಯೇ ಈ ಕುಟುಂಬಕ್ಕೆ ಸರಿ ಎಂಬುದು ನನ್ನ ಅಭಿಪ್ರಾಯವಾಗಿತ್ತು. ದೂರದ ಮನೆಯೇ ಅನಿವಾರ್ಯವಾದರೆ, ಶಿಷ್ಯರ ಅಭ್ಯಾಸಕ್ಕೆಂದು ಗುರುಗಳ ಮನೆಯಲ್ಲಿ ಇನ್ನೊಂದು ವೀಣೆ ಇದೆಯೇ ಎಂದು ಕೇಳಬೇಕು. ಇದ್ದರೆ ಬರಿಗೈಯಲ್ಲಿ ಮೆಟ್ರೊ ಹತ್ತಿ ಹೋಗಬಹುದು, ಆಟೊ ಖರ್ಚು ಬಹುಪಾಲು ಇಲ್ಲವಾಗುತ್ತದೆ.

ಕುಂಬಾರಿಕೆಯಂಥ ಹವ್ಯಾಸದಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಜಾಗವೇ ಮುಖ್ಯ. ನೆಲಮಹಡಿ ಬೇಕು, ಮಣ್ಣು ನೀರು ಚೆಲ್ಲಿದರೆ ಬೇಸರಿಸದ ಮಾಲೀಕರು ಬೇಕು. ವಿದ್ಯುತ್ ಕುಲುಮೆ ಇಡುವುದಾದರೆ ಮನೆಗೆ ಮಂಜೂರಾಗಿರುವ ಲೋಡ್ ಎಷ್ಟು ಎಂದು ಬಿಲ್ಲಿನಲ್ಲಿ ನೋಡಬೇಕು. ಸಾಲದಿದ್ದರೆ ಹೆಚ್ಚುವರಿ ಲೋಡ್‌ಗೆ ಮಾಲೀಕರ ಒಪ್ಪಿಗೆ ಬೇಕು, ಠೇವಣಿ ಕಟ್ಟಬೇಕು, ಪ್ರತಿ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಬಾಡಿಗೆ ಮನೆಯಲ್ಲಿರುವವರು ತಿಗರಿಯನ್ನು (ಮಡಕೆ ಮಾಡುವ ಚಕ್ರವನ್ನು) ಮಾತ್ರ ಮನೆಯಲ್ಲಿಟ್ಟುಕೊಂಡು, ಸುಡುವುದನ್ನು ಶುಲ್ಕ ಕೊಟ್ಟು ಸ್ಟುಡಿಯೊದಲ್ಲಿ ಮಾಡಿಸುವುದು ವಾಸಿ ಎಂದು ನಾನು ಹೇಳುತ್ತೇನೆ. ಪ್ರತಿ ಸಲ ಮನೆ ಬದಲಿಸುವಾಗಲೂ ಕುಲುಮೆಯನ್ನು ಬಿಚ್ಚಿ, ಸಾಗಿಸಿ, ಜೋಡಿಸುವ ಖರ್ಚು ಮತ್ತು ಅದರ ಇಟ್ಟಿಗೆ ಬಿರುಕು ಬಿಡುವ ಅಪಾಯವನ್ನು ಸೇರಿಸಿದರೆ ಸ್ಟುಡಿಯೊ ಶುಲ್ಕ ದುಬಾರಿಯೆನಿಸುವುದಿಲ್ಲ.

ಈಗ ಮನೆ ಬದಲಾವಣೆಯ ಲೆಕ್ಕಕ್ಕೆ ಬರೋಣ; ಹಣ ಹೆಚ್ಚು ಸೋರುವುದು ಇಲ್ಲಿಯೇ. ಬನಶಂಕರಿಯ ಮನೆಗೆ ದಲ್ಲಾಳಿ ಕಮಿಷನ್ ಒಂದು ತಿಂಗಳ ಬಾಡಿಗೆ ಎಂದು 30,000, ಹಳೆಯ ಮನೆಯ ಬಣ್ಣಕ್ಕೆಂದು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುವ ಒಂದು ತಿಂಗಳ ಬಾಡಿಗೆ 28,000, ಲಾರಿ ಮತ್ತು ಕೂಲಿ 18,000, ಎರಡೂ ಮನೆ ಕೈಯಲ್ಲಿರುವ ಅರ್ಧ ತಿಂಗಳ ಹೆಚ್ಚುವರಿ ಬಾಡಿಗೆ 15,000, ಪರದೆ, ನಲ್ಲಿ, ಇಂಟರ್ನೆಟ್ ಮುಂತಾದ ಚಿಲ್ಲರೆ 14,000 ಎಂದಿಟ್ಟುಕೊಂಡರೆ ಒಟ್ಟು 1,05,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ಇದು ತಿಂಗಳಿಗೆ 4,375 ರೂಪಾಯಿಯ ಖರ್ಚು, ವೀಣೆಯ ತಂತಿ ಮತ್ತು ಪಾಠದ ಶುಲ್ಕ ಎರಡಕ್ಕಿಂತಲೂ ಹೆಚ್ಚು. ಆದರೂ ಖರ್ಚು ಕಡಿತಗೊಳಿಸಬೇಕು ಎಂದಾಗ ಮನೆಯವರ ಕೈ ಮೊದಲು ಹೋಗುವುದು ಪಾಠದ ಶುಲ್ಕದ ಮೇಲೆ. ಎರಡು ಸಾವಿರ ರೂಪಾಯಿ ಬಾಡಿಗೆ ಹೆಚ್ಚಾಯಿತೆಂದು ಮನೆ ಬಿಡುವ ಮೊದಲು ಈ 4,375ನ್ನು ಪಕ್ಕದಲ್ಲಿ ಬರೆದು ನೋಡಬೇಕು.

ಅಡ್ವಾನ್ಸ್ ಈ ಸೋರಿಕೆಯನ್ನು ಮರೆಮಾಡುತ್ತದೆ. ಹಳೆಯ ಮನೆಗೆ ಸೇರುವಾಗ ಕೊಟ್ಟಿದ್ದು 2,50,000; ಹೊಸ ಮನೆಗೆ ಆರು ತಿಂಗಳ ಬಾಡಿಗೆಯಂತೆ 1,80,000. ಎಲ್ಲ ಕೊಡುವ ತೆಗೆದುಕೊಳ್ಳುವ ವ್ಯವಹಾರ ಮುಗಿದ ಮೇಲೆ ಬ್ಯಾಂಕ್ ಖಾತೆಯಲ್ಲಿ ಕಡಿಮೆಯಾಗಿರುವುದು ಬರೀ 35,000 ರೂಪಾಯಿ. ಕುಟುಂಬದವರು ಇಷ್ಟರಲ್ಲೇ ಮುಗಿಯಿತೆಂದು ನಿಟ್ಟುಸಿರು ಬಿಡುತ್ತಾರೆ. ಖರ್ಚಾದದ್ದು 1,05,000ವೇ, ಉಳಿದ 70,000 ಅವರದೇ ಹಳೆಯ ಉಳಿತಾಯದಿಂದ ಹೋಗಿದೆ. ಅಡ್ವಾನ್ಸ್ ಎಂಬುದು ಬಡ್ಡಿಯಿಲ್ಲದೆ ಇನ್ನೊಬ್ಬರ ಬಳಿ ಇರುವ ನಿಮ್ಮ ಹಣ, ಆದ್ದರಿಂದ ಅದನ್ನು ಗುರಿಗಳ ಹಾಳೆಯಲ್ಲಿ ಆಸ್ತಿಯೆಂದೇ ಬರೆದುಕೊಳ್ಳಬೇಕು. ಮರಳಿ ಬಂದ ದಿನವೇ ಹೆಚ್ಚುವರಿ ಮೊತ್ತವನ್ನು ಗುರಿಯ ಖಾತೆಗೆ ಸೇರಿಸಬೇಕು, ಇಲ್ಲದಿದ್ದರೆ ಅದು ಹೊಸ ಸೋಫಾ ಆಗುತ್ತದೆ.

ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳ ಠೇವಣಿಗೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕಿದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿಯಷ್ಟೆ. ಬೆಂಗಳೂರಿನಲ್ಲಿ ಐದರಿಂದ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಈಗಲೂ ರೂಢಿ. ಚೌಕಾಸಿಗೆ ಒಂದು ಅಳತೆ ಹೀಗಿದೆ: ಶೇ 7ರ ಬಡ್ಡಿಯ ಲೆಕ್ಕದಲ್ಲಿ 1 ಲಕ್ಷ ರೂಪಾಯಿ ಅಡ್ವಾನ್ಸ್ ಕಡಿಮೆಯಾದರೆ ತಿಂಗಳಿಗೆ ಸುಮಾರು 580 ರೂಪಾಯಿ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಭೋಗ್ಯಕ್ಕೆ, ಅಂದರೆ ಲೀಸ್‌ಗೆ, ಹತ್ತು ಹದಿನೈದು ಲಕ್ಷ ಕೊಟ್ಟು ಬಾಡಿಗೆಯೇ ಇಲ್ಲದ ಮನೆ ಹಿಡಿಯುವವರು ಮನೆಯ ಮೇಲೆ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪತ್ರವನ್ನು ತೆಗೆಸಬೇಕು, ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಬೇಕು, ಕರಾರನ್ನು ನೋಂದಣಿ ಮಾಡಿಸಬೇಕು. ಮಾಲೀಕರು ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದರೆ ಮಗಳ ಓದಿನ ಹಣವೆಲ್ಲ ಅದರೊಂದಿಗೆ ಸಿಕ್ಕಿಬೀಳುತ್ತದೆ. ಗುರಿಯ ಹಣವನ್ನು ಭೋಗ್ಯಕ್ಕೆ ಹಾಕುವುದನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಹಳೆಯ ಅಡ್ವಾನ್ಸ್ ಕೈಸೇರುವ ಮೊದಲೇ ಹೊಸದನ್ನು ಕೊಡಬೇಕಾಗುವುದರಿಂದ ಈ ಕುಟುಂಬ ಬಣ್ಣದ ಹಣ ಬಿಟ್ಟು 2,57,000 ರೂಪಾಯಿಯನ್ನು ಸಿದ್ಧವಾಗಿ ಇಟ್ಟುಕೊಂಡಿರಬೇಕು. ಬಹಳಷ್ಟು ಜನ ಇಲ್ಲಿ ತುರ್ತು ನಿಧಿಗೆ ಕೈ ಹಾಕುತ್ತಾರೆ, ಇಲ್ಲವೇ ಒಡವೆ ಅಡವಿಡುತ್ತಾರೆ. ಬಾಡಿಗೆದಾರರಿಗೆ ಮನೆ ಬದಲಾವಣೆ ಯಾವತ್ತಾದರೂ ಬಂದೇ ಬರುವ ಖರ್ಚಾದ್ದರಿಂದ ಅದನ್ನು ತುರ್ತು ಎಂದು ಕರೆಯಲಾಗದು. ತಿಂಗಳಿಗೆ ಮೂರು ಸಾವಿರವನ್ನಾದರೂ ಬೇರೆ ಆರ್‌ಡಿಯಲ್ಲಿ (ಬ್ಯಾಂಕಿನ ಆವರ್ತ ಠೇವಣಿಯಲ್ಲಿ) ಕಟ್ಟುತ್ತಾ ಬಂದರೆ ಮೂರು ವರ್ಷಗಳಲ್ಲಿ ಬಡ್ಡಿಯನ್ನು ಬಿಟ್ಟು 1,08,000 ಆಗುತ್ತದೆ, ಮರಳಿ ಬಾರದ ಖರ್ಚಿಗೆ ಅಷ್ಟು ಸಾಕು. ಅಡ್ವಾನ್ಸ್‌ನ ನಡುವಿನ ಅಂತರಕ್ಕೆ ಮಾತ್ರ ತುರ್ತು ನಿಧಿಯಿಂದ ಕೆಲವು ವಾರಗಳ ಮಟ್ಟಿಗೆ ತೆಗೆದು, ಮರಳಿ ಬಂದ ಕೂಡಲೇ ತುಂಬಬಹುದು.

ಆಷಾಢದ ಲೆಕ್ಕವೂ ಒಂದಿದೆ. ಆಷಾಢದಲ್ಲಿ ಹೊಸ ಮನೆಗೆ ಹೋಗಬಾರದೆಂದು ಅದಕ್ಕೆ ಮೊದಲೇ ಹಾಲುಕ್ಕಿಸಿ, ಸಾಮಾನನ್ನು ತಿಂಗಳ ಅನಂತರ ಸಾಗಿಸುವ ಮನೆಗಳು ಬಹಳ. ನಂಬಿಕೆಯ ವಿಷಯದಲ್ಲಿ ನಾನು ಸಲಹೆ ಕೊಡುವುದಿಲ್ಲ. ಆದರೆ ಆ ಒಂದು ತಿಂಗಳ ಹೆಚ್ಚುವರಿ ಬಾಡಿಗೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ ಎನ್ನುತ್ತೇನೆ, ಜೊತೆಗೆ ಆ ತಿಂಗಳಲ್ಲಿ ವಾದ್ಯ, ಚಿತ್ರಪಟಗಳಂಥ ನಾಜೂಕಿನ ವಸ್ತುಗಳನ್ನು ಲಾರಿಗೆ ಹಾಕದೆ ಒಂದೊಂದಾಗಿ ಕೈಯಲ್ಲೇ ಒಯ್ಯಬಹುದು ಎಂದು ಸೂಚಿಸುತ್ತೇನೆ.

ವೀಣೆಯ ವಿಷಯದಲ್ಲಿ ಇದು ಹಣದ ಪ್ರಶ್ನೆಯೂ ಹೌದು. ಹಲಸಿನ ಮರದ ದಂಡಿಯ ಮೇಲೆ ಅದರ 24 ಮೆಟ್ಟಿಲುಗಳು (ಸ್ವರ ಹಿಡಿಯಲು ತಂತಿಯನ್ನು ಒತ್ತುವ ಲೋಹದ ಪಟ್ಟಿಗಳು) ನಿಂತಿರುವುದು ಕಪ್ಪು ಮೇಣದಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಲಾರಿಯೊಳಗೆ ಅರ್ಧ ದಿನ ಬಿದ್ದಿದ್ದರೆ ಮೇಣ ಮೆದುವಾಗಿ ಮೆಟ್ಟಿಲುಗಳು ಜರುಗುತ್ತವೆ. ಆಮೇಲೆ ಬಲ್ಲವರನ್ನು ಕರೆಸಿ ಮೇಳ ಕಟ್ಟಿಸದೆ, ಅಂದರೆ ಮೆಟ್ಟಿಲುಗಳನ್ನು ಮತ್ತೆ ಸರಿಯಾದ ಜಾಗದಲ್ಲಿ ಕೂರಿಸದೆ, ಸ್ವರ ಸರಿಯಾಗುವುದಿಲ್ಲ. ತಂತಿಗಳನ್ನು ತುಸು ಸಡಿಲಿಸಿ, ದಂಡಿಯ ಕೆಳಗಿನ ಬುರುಡೆಯನ್ನು ಬಿಚ್ಚಿ ಬೇರೆಯಾಗಿ ಸುತ್ತಿ, ದಂಡಿಯ ತುದಿಯಲ್ಲಿ ಕೆತ್ತಿರುವ ಯಾಳಿಯ ಮುಖಕ್ಕೆ ಬಟ್ಟೆ ಕಟ್ಟಿ, ಮನೆಯವರೊಬ್ಬರು ಜೊತೆಯಲ್ಲಿ ಕುಳಿತು ಕಾರಿನಲ್ಲಿ ಒಯ್ಯುವುದೇ ಸರಿಯಾದ ಕ್ರಮ. ಬೇರೆ ಊರಿಗೆ ಸಾಗಣೆಯವರ ಮೂಲಕವೇ ಕಳುಹಿಸಬೇಕಾದರೆ ವಾದ್ಯದ ಮೌಲ್ಯವನ್ನು ಸರಕುಪತ್ರದಲ್ಲಿ ಬರೆಸಬೇಕು, ಏಕೆಂದರೆ 2007ರ ರಸ್ತೆ ಸಾಗಣೆ ಕಾಯ್ದೆಯಡಿ ಹೆಚ್ಚಿನ ಮೌಲ್ಯವನ್ನು ಘೋಷಿಸದಿದ್ದರೆ ಸಾಗಣೆದಾರರ ಹೊಣೆಗೆ ಮಿತಿಯಿದೆ. ‘ಇನ್ಶೂರೆನ್ಸ್ ಸೇರಿಸಿದ್ದೇವೆ’ ಎಂಬ ಬಾಯಿಮಾತು ಸಾಲದು. ಪಾಲಿಸಿಯ ಪ್ರತಿಯನ್ನು ಕೇಳಿ ಪಡೆಯಿರಿ. ಸಾಮಾನು ಏರಿಸುವ ಮೊದಲು ದಿನಾಂಕ ಸಹಿತ ಚಿತ್ರ ತೆಗೆದಿಟ್ಟುಕೊಳ್ಳಿ.

ಸಾಮಗ್ರಿಯ ಬಗ್ಗೆ ಒಂದೇ ಮಾತು: ಮನೆ ಬಿಡುವ ಮೂರು ತಿಂಗಳ ಮೊದಲಿನಿಂದ ಹೊಸ ಬಣ್ಣ, ಮಣ್ಣು, ದಾರವನ್ನು ಕೊಳ್ಳದೆ ಇರುವುದನ್ನು ಬಳಸಿ ಮುಗಿಸಿ. ಅಭ್ಯಾಸವನ್ನು ಮಾತ್ರ ನಿಲ್ಲಿಸಬೇಡಿ.

ಹವ್ಯಾಸದಿಂದ ಒಂದಿಷ್ಟು ಆದಾಯ ಇರುವವರಿಗೆ ನನ್ನದು ಕಟ್ಟುನಿಟ್ಟಿನ ಸಲಹೆ. ನಾಲ್ಕು ಮಕ್ಕಳಿಗೆ ಪಾಠ ಹೇಳಿ ಬರುವ ಹಣವನ್ನು ಹೊಸ ಮನೆಯ ಬಾಡಿಗೆಗೆ ನೆಚ್ಚಿಕೊಳ್ಳಬಾರದು. ಬಡಾವಣೆ ಬದಲಾದರೆ ಶಿಷ್ಯರು ಬಿಟ್ಟುಹೋಗುತ್ತಾರೆ, ಹೊಸಬರು ಸೇರಲು ತಿಂಗಳುಗಳೇ ಬೇಕು. ಮೊದಲ ಆರು ತಿಂಗಳು ಆ ಆದಾಯ ಸೊನ್ನೆ ಎಂದೇ ಬರೆದುಕೊಳ್ಳಿ. ಕರಾರಿನಲ್ಲಿ ‘ವಾಸಕ್ಕೆ ಮಾತ್ರ’ ಎಂದಿದ್ದರೆ ಪಾಠ ನಡೆಸಲು ಮಾಲೀಕರ ಒಪ್ಪಿಗೆಯನ್ನು ಅದೇ ಕರಾರಿನಲ್ಲಿ ಒಂದು ಸಾಲಾಗಿ ಬರೆಸುವುದು ಕ್ಷೇಮ; ಅಪಾರ್ಟ್‌ಮೆಂಟ್ ಆದರೆ ಸಂಘದ ನಿಯಮವನ್ನೂ ಓದಿಕೊಳ್ಳಬೇಕು.

ಹೊಸ ಮನೆಯಲ್ಲಿ ಆರು ತಿಂಗಳು ಕಳೆದ ಮೇಲೆ ನಾನು ಕುಟುಂಬಗಳನ್ನು ಮತ್ತೆ ಕರೆದು ಹಳೆಯ ಹಾಳೆಯನ್ನು ಹೊಸ ಅಂಕಿಗಳೊಂದಿಗೆ ಹೋಲಿಸುತ್ತೇನೆ. ಎಸ್‌ಐಪಿ ಒಂದು ತಿಂಗಳೂ ತಪ್ಪದೆ ನಡೆದಿದೆಯೇ, ತುರ್ತು ನಿಧಿ ಮೊದಲಿನ ಮಟ್ಟಕ್ಕೆ ಬಂದಿದೆಯೇ, ಪಾಠಕ್ಕೆ ಎಷ್ಟು ದಿನ ಹೋಗಿದ್ದಾರೆ ಎಂದು ನೋಡುತ್ತೇನೆ. ಹವ್ಯಾಸಕ್ಕೆಂದು ಹಿಡಿದ ಮೂರನೆಯ ಕೋಣೆಯಲ್ಲಿ ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳೇ ತುಂಬಿದ್ದರೆ, ಹನ್ನೊಂದು ತಿಂಗಳ ಕರಾರು ನವೀಕರಿಸುವ ಮೊದಲು ಅದೇ ಬೀದಿಯಲ್ಲಿ ಎರಡು ಕೋಣೆಗಳ ಮನೆಯನ್ನು ವಿಚಾರಿಸಲು ಹೇಳುತ್ತೇನೆ. ಆ ಬದಲಾವಣೆಗೆ ಆಗುವ ಖರ್ಚನ್ನು ಉಳಿಯುವ ಆರು ಸಾವಿರ ಎಷ್ಟು ತಿಂಗಳಲ್ಲಿ ತುಂಬುತ್ತದೆ ಎಂದು ಮೊದಲು ಭಾಗಿಸಿ ನೋಡಿ, ಹದಿನೆಂಟು ತಿಂಗಳಿಗಿಂತ ಹೆಚ್ಚಾದರೆ ಇದ್ದಲ್ಲಿಯೇ ಇರಿ ಎನ್ನುತ್ತೇನೆ.