ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳು: ನಂಬಿಕೆ ಬೆಳೆದ ಬಗೆ, ಪ್ರಯೋಗಗಳು ಹೇಳಿದ ಸತ್ಯ

1994ರಲ್ಲಿ ಫಿನ್ಲೆಂಡಿನಿಂದ ಯಾರೂ ನಿರೀಕ್ಷಿಸದ ಫಲಿತಾಂಶವೊಂದು ಬಂತು. 50ರಿಂದ 69 ವರ್ಷದ 29,133 ಧೂಮಪಾನಿ ಗಂಡಸರಲ್ಲಿ ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ 50 ಮಿಲಿಗ್ರಾಂ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಔಷಧವಿಲ್ಲದ ತೋರಿಕೆಯ ಮಾತ್ರೆ ಕೊಟ್ಟು, ಐದರಿಂದ ಎಂಟು ವರ್ಷ ಗಮನಿಸಲಾಗಿತ್ತು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬಹುದೆಂಬ ಲೆಕ್ಕಾಚಾರ ತಲೆಕೆಳಗಾಯಿತು. ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಅದು ಶೇ 18ರಷ್ಟು ಹೆಚ್ಚಿತ್ತು.

ಆ ಲೆಕ್ಕಾಚಾರ ಏಕಾಏಕಿ ಹುಟ್ಟಿದ್ದಲ್ಲ. 1954ರಲ್ಲಿ ರೆಬೆಕಾ ಗರ್ಷ್‌ಮನ್ ಮತ್ತು ಸಂಗಡಿಗರು, ಅತಿಯಾದ ಆಮ್ಲಜನಕದಿಂದಾಗುವ ಹಾನಿಗೂ ಎಕ್ಸ್-ರೇ ವಿಕಿರಣದ ಹಾನಿಗೂ ಮೂಲ ಒಂದೇ, ಅದು ಫ್ರೀ ರ‍್ಯಾಡಿಕಲ್‌ಗಳು ಎಂದು ವಾದಿಸಿದರು. ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣುಗಳಿವು. ಇವುಗಳ ಹಾನಿಯನ್ನು ತಡೆಯುವ ವಸ್ತುಗಳೇ ಆ್ಯಂಟಿಆಕ್ಸಿಡೆಂಟ್‌ಗಳು. ಬೀಟಾ ಕ್ಯಾರೊಟಿನ್, ವಿಟಮಿನ್ ಇ ಅಂಥವು ಎಂಬುದೇ ಆ ಲೆಕ್ಕಾಚಾರದ ಬುಡ. 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಮುಪ್ಪಿಗೂ ಇವೇ ಕಾರಣ ಎಂದರು. ಆಗ ಅದನ್ನು ಒಪ್ಪಿದವರು ಕಡಿಮೆ, ಏಕೆಂದರೆ ದೇಹದೊಳಗೆ ಇವು ನಿಜಕ್ಕೂ ಹುಟ್ಟುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿರಲಿಲ್ಲ. ಆಧಾರ ಸಿಕ್ಕಿದ್ದು 1969ರಲ್ಲಿ. ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್, ಸೂಪರ್‌ಆಕ್ಸೈಡ್ ಎಂಬ ರ‍್ಯಾಡಿಕಲ್ಲನ್ನು ನಿವಾರಿಸುವುದೇ ಕೆಲಸವಾಗಿರುವ ಕಿಣ್ವವೊಂದು ರಕ್ತಕಣಗಳಲ್ಲಿದೆ ಎಂದು ತೋರಿಸಿದರು. ನಿವಾರಿಸುವ ಕಿಣ್ವ ಇದೆಯೆಂದರೆ ನಿವಾರಿಸಬೇಕಾದ ವಸ್ತುವೂ ಇದೆ ಎಂದಾಯಿತು. ‘ಆಕ್ಸಿಡೇಟಿವ್ ಸ್ಟ್ರೆಸ್’ ಎಂಬ ಪರಿಕಲ್ಪನೆಗೆ 1985ರಲ್ಲಿ ಹೆಲ್ಮುಟ್ ಸೀಸ್ ಸ್ಪಷ್ಟ ರೂಪ ಕೊಟ್ಟರು: ಉತ್ಕರ್ಷಣಕಾರಿಗಳು (ಬೇರೆ ಅಣುಗಳಿಂದ ಎಲೆಕ್ಟ್ರಾನ್ ಕೀಳುವ ವಸ್ತುಗಳು) ಮತ್ತು ಅವನ್ನು ತಡೆಯುವ ವ್ಯವಸ್ಥೆಯ ನಡುವಿನ ತೂಕ ತಪ್ಪಿದ ಸ್ಥಿತಿ.

ಜೀವಕೋಶದೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಲ್ಲಿ ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಕೆಲವು ದಾರಿಯಲ್ಲೇ ಸೋರಿ ಆಮ್ಲಜನಕಕ್ಕೆ ಅಂಟಿಕೊಂಡಾಗ ಸೂಪರ್‌ಆಕ್ಸೈಡ್ ಹುಟ್ಟುತ್ತದೆ. ಮೆಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಕ್ಯಾಟಲೇಸ್ ಮತ್ತು ಸೆಲೆನಿಯಂ ಇರುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಅದನ್ನು ನೀರಾಗಿಸುತ್ತವೆ. ಆ ಹೊತ್ತಿಗೆ ಅಲ್ಲಿ ಬಿಡಿಯಾಗಿ ಕಬ್ಬಿಣದ ಅಯಾನು ಇದ್ದರೆ ಮಾತ್ರ ಕತೆ ಬೇರೆ. ಪೆರಾಕ್ಸೈಡ್ ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಅದು ಪಕ್ಕದಲ್ಲಿ ಏನಿದೆಯೋ ಅದನ್ನು ಆ ಕ್ಷಣವೇ ಹಿಡಿಯುತ್ತದೆ, ಯಾವ ವಿಟಮಿನ್ನೂ ಅದಕ್ಕಿಂತ ಮೊದಲು ಅಲ್ಲಿಗೆ ತಲುಪುವಷ್ಟು ಪ್ರಮಾಣದಲ್ಲಿ ದೇಹದಲ್ಲಿರುವುದಿಲ್ಲ. ನಿಜವಾದ ರಕ್ಷಣೆ ಕಿಣ್ವಗಳದ್ದು.

ವಿಟಮಿನ್ ಇ ಕೆಲಸ ಮಾಡುವ ಜಾಗ ಕೋಶದ ಪೊರೆ. ಪೊರೆಯ ಕೊಬ್ಬಿನಾಮ್ಲದಿಂದ ಒಂದು ಹೈಡ್ರೋಜನ್ ಕಿತ್ತುಹೋದರೆ ಆ ಕೊಬ್ಬಿನಾಮ್ಲ ಆಮ್ಲಜನಕದೊಂದಿಗೆ ಸೇರಿ, ನೆರೆಯ ಕೊಬ್ಬಿನಾಮ್ಲದಿಂದ ಹೈಡ್ರೋಜನ್ ಕೀಳುತ್ತದೆ, ಅದು ಇನ್ನೊಂದರಿಂದ. ವಿಟಮಿನ್ ಇ ತನ್ನ ಹೈಡ್ರೋಜನ್ ಕೊಟ್ಟು ಈ ಸರಪಳಿಯನ್ನು ತುಂಡರಿಸಿ ತಾನೇ ದುರ್ಬಲ ರ‍್ಯಾಡಿಕಲ್ ಆಗುತ್ತದೆ. ಅದನ್ನು ಮತ್ತೆ ಸರಿಪಡಿಸುವುದು ವಿಟಮಿನ್ ಸಿ. ಅಂದರೆ ಇವು ಒಂದರ ಮೇಲೊಂದು ಆತುಕೊಂಡಿರುವ ವ್ಯವಸ್ಥೆ. ಒಂದನ್ನೇ ವಿಪರೀತ ಹೆಚ್ಚಿಸಿದರೆ ಉಳಿದವು ತಾವಾಗಿ ಹೆಚ್ಚುವುದಿಲ್ಲ. ಬಿಡಿ ಕಬ್ಬಿಣ ಇರುವಲ್ಲಿ ವಿಟಮಿನ್ ಸಿ ಹೈಡ್ರಾಕ್ಸಿಲ್ ಹುಟ್ಟಿಗೆ ನೆರವಾಗುವುದೂ ಉಂಟು.

ಇಷ್ಟು ಸೂಕ್ಷ್ಮವಾದ ವಿಷಯ 1980ರ ದಶಕದಲ್ಲಿ ‘ರ‍್ಯಾಡಿಕಲ್ ಕೆಟ್ಟದ್ದು, ಆ್ಯಂಟಿಆಕ್ಸಿಡೆಂಟ್ ಒಳ್ಳೆಯದು’ ಎಂಬ ಘೋಷಣೆಯಾಯಿತು. ಹಣ್ಣು ತರಕಾರಿ ಹೆಚ್ಚು ತಿನ್ನುವವರಿಗೆ, ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಹೆಚ್ಚಿರುವವರಿಗೆ ಕ್ಯಾನ್ಸರ್ ಕಡಿಮೆ ಎಂಬ ಸಮೀಕ್ಷೆಗಳು ಅದಕ್ಕೆ ಬಲ ಕೊಟ್ಟವು. ಆದರೆ ತರಕಾರಿ ಹೆಚ್ಚು ತಿನ್ನುವವರು ಸೇದುವುದು ಕಡಿಮೆ, ನಡೆಯುವುದು ಹೆಚ್ಚು. ಬೀಟಾ ಕ್ಯಾರೊಟಿನ್ ಅಂಥ ಬದುಕಿನ ಗುರುತು ಮಾತ್ರವೋ, ರಕ್ಷಕವೋ ಎಂಬುದನ್ನು ಸಮೀಕ್ಷೆ ಹೇಳಲಾರದು.

ಫಿನ್ಲೆಂಡಿನದು ಆಕಸ್ಮಿಕವಲ್ಲ ಎಂಬುದು 1996ರಲ್ಲಿ ಖಚಿತವಾಯಿತು. ಧೂಮಪಾನಿಗಳು ಹಾಗೂ ಕಲ್ನಾರಿನೊಂದಿಗೆ ಕೆಲಸ ಮಾಡಿದ್ದವರು ಸೇರಿ 18,314 ಜನರಿದ್ದ ಅಮೆರಿಕದ ‘ಕ್ಯಾರೆಟ್’ ಪ್ರಯೋಗದಲ್ಲಿ 30 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೊಡಲಾಗುತ್ತಿತ್ತು. ಶ್ವಾಸಕೋಶದ ಕ್ಯಾನ್ಸರ್ ಶೇ 28, ಒಟ್ಟು ಸಾವು ಶೇ 17 ಹೆಚ್ಚಿದ್ದರಿಂದ ಅದನ್ನು 21 ತಿಂಗಳು ಮೊದಲೇ ನಿಲ್ಲಿಸಿದರು. 35,533 ಗಂಡಸರ ‘ಸೆಲೆಕ್ಟ್’ ಪ್ರಯೋಗದಲ್ಲಿ ವಿಟಮಿನ್ ಇ ತೆಗೆದುಕೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17 ಹೆಚ್ಚು ಎಂದು 2011ರಲ್ಲಿ ಗೊತ್ತಾಯಿತು.

ತಪ್ಪಾಗಿದ್ದು ಎಲ್ಲಿ? ರ‍್ಯಾಡಿಕಲ್‌ಗಳನ್ನು ಬರೀ ಕಸವೆಂದು ಭಾವಿಸಿದ್ದರಲ್ಲಿ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಸೂಪರ್‌ಆಕ್ಸೈಡನ್ನು ಬೇಕೆಂದೇ ತಯಾರಿಸುತ್ತವೆ. ಹುಟ್ಟಿನಿಂದ ಆ ಶಕ್ತಿಯಿಲ್ಲದ ಮಕ್ಕಳಿಗೆ ಸೋಂಕುಗಳು ಮತ್ತೆ ಮತ್ತೆ ಕಾಡುತ್ತವೆ. ಅಲ್ಪ ಪ್ರಮಾಣದ ಪೆರಾಕ್ಸೈಡ್ ಕೋಶಕ್ಕೆ ಸಂದೇಶವೂ ಹೌದು. ಅದು ಮುಟ್ಟಿದಾಗ ಎನ್‌ಆರ್‌ಎಫ್2 ಎಂಬ ಪ್ರೋಟೀನು ಬಿಡುಗಡೆಯಾಗಿ, ರಕ್ಷಕ ಕಿಣ್ವಗಳ ಜೀನ್‌ಗಳನ್ನು ಎಚ್ಚರಿಸುತ್ತದೆ. ವ್ಯಾಯಾಮದ ಲಾಭದಲ್ಲಿ ಒಂದು ಪಾಲು ಹೀಗೇ ಬರುತ್ತದೆ. 2009ರ ಜರ್ಮನಿಯ ಪ್ರಯೋಗವೊಂದರಲ್ಲಿ ನಾಲ್ಕು ವಾರದ ವ್ಯಾಯಾಮದ ಜೊತೆ ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿ, 400 ಐಯು (ಅಂತರರಾಷ್ಟ್ರೀಯ ಘಟಕ) ವಿಟಮಿನ್ ಇ ನುಂಗಿದವರಲ್ಲಿ ಇನ್ಸುಲಿನ್ ಸ್ಪಂದನೆ ಸುಧಾರಿಸಲಿಲ್ಲ, ನುಂಗದವರಲ್ಲಿ ಸುಧಾರಿಸಿತು. ನಂತರದ ಎಲ್ಲ ಪ್ರಯೋಗಗಳಲ್ಲೂ ಇದು ಹೀಗೇ ಕಾಣಲಿಲ್ಲವಾದರೂ ಎಚ್ಚರಿಕೆಗೆ ಇಷ್ಟು ಸಾಕು.

ಆಹಾರಗಳ ‘ಆ್ಯಂಟಿಆಕ್ಸಿಡೆಂಟ್ ಅಂಕ’ವನ್ನೂ ನೆಚ್ಚಿಕೊಳ್ಳಬೇಕಿಲ್ಲ. ಪ್ರನಾಳದಲ್ಲಿ ಅಳೆದ ಆ ಸಂಖ್ಯೆಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಹಿಂತೆಗೆಯಿತು. ವಿಟಮಿನ್ ಸಿ 200 ಮಿಲಿಗ್ರಾಂವರೆಗೆ ಬಹುತೇಕ ಪೂರ್ತಿ ರಕ್ತ ಸೇರುತ್ತದೆ. ಒಂದು ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ, ಉಳಿದದ್ದು ಕರುಳಿನಲ್ಲೇ ನಿಂತು ಭೇದಿ ತರಬಹುದು. ವಯಸ್ಕರಿಗೆ ಬೇಕಿರುವುದು ದಿನಕ್ಕೆ 75ರಿಂದ 90 ಮಿಲಿಗ್ರಾಂ. ವಿಟಮಿನ್ ಇ ಬೇಕಿರುವುದು 15 ಮಿಲಿಗ್ರಾಂ. ಆದರೆ 400 ಐಯು ಎಂದು ಬರೆದಿರುವ ಕೃತಕ ವಿಟಮಿನ್ ಇ ಮಾತ್ರೆಯಲ್ಲಿ ಇರುವುದು 180 ಮಿಲಿಗ್ರಾಂಗೆ ಸಮ.

ನಿಖರ ಕಾರಣವಿರುವಲ್ಲಿ ಆ್ಯಂಟಿಆಕ್ಸಿಡೆಂಟ್‌ಗಳು ಕೆಲಸ ಮಾಡುತ್ತವೆ. ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದಾಗ ಯಕೃತ್ತನ್ನು ಕಾಯುವ ಗ್ಲುಟಾಥಯೋನ್ ಎಂಬ ವಸ್ತು ಬರಿದಾಗುತ್ತದೆ. ಎಂಟು ಗಂಟೆಯೊಳಗೆ ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಕೊಟ್ಟರೆ ಅದು ಮತ್ತೆ ತುಂಬಿ ಯಕೃತ್ತು ಉಳಿಯುತ್ತದೆ. ಕಣ್ಣಿನ ಅಕ್ಷಿಪಟಲದ ಮಧ್ಯಭಾಗ ವಯಸ್ಸಿನಿಂದ ಸವೆಯುವ ರೋಗ ಮಧ್ಯಮ ಹಂತದಲ್ಲಿದ್ದವರಲ್ಲಿ, ಸತು ಮತ್ತು ವಿಟಮಿನ್‌ಗಳ ನಿಗದಿತ ಮಿಶ್ರಣ ಅದು ತೀವ್ರವಾಗುವ ಅಪಾಯವನ್ನು ಸುಮಾರು ಶೇ 25 ತಗ್ಗಿಸಿತು. ಧೂಮಪಾನಿಗಳು, ಹಿಂದೆ ಸೇದುತ್ತಿದ್ದವರು ಅದರಲ್ಲಿ ಬೀಟಾ ಕ್ಯಾರೊಟಿನ್ ಬದಲು ಲ್ಯೂಟಿನ್ ಇರುವುದನ್ನೇ ಆರಿಸಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಹೆಚ್ಚಿನ ಪ್ರಮಾಣದ ವಿಟಮಿನ್ ಇ ರಕ್ತಸ್ರಾವದ ಅಪಾಯ ತರಬಹುದು, ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲುಗಳ ತೊಂದರೆ ಇರುವವರಿಗೆ ಹೆಚ್ಚಿನ ವಿಟಮಿನ್ ಸಿ ಒಳ್ಳೆಯದಲ್ಲ. ಕೀಮೋ ಅಥವಾ ವಿಕಿರಣ ಚಿಕಿತ್ಸೆಯಲ್ಲಿರುವವರು ಇಂಥ ಯಾವುದೇ ಮಾತ್ರೆ ನುಂಗುವ ಮೊದಲು, ಪ್ರಮಾಣ ಬರೆದಿರುವ ಚೀಟಿ ಸಮೇತ ಆ ಡಬ್ಬಿಯನ್ನೇ ಕ್ಯಾನ್ಸರ್ ವೈದ್ಯರಿಗೆ ತೋರಿಸಬೇಕು.