ಗಡಿ ದಾಟುವ ಕಾರು, ಊರಿಗೆ ಓಡುವ ಡೇಟಾ

ಜರ್ಮನಿಯ ಮ್ಯೂನಿಕ್‌ನಿಂದ ಇಟಲಿಯ ಮಿಲಾನ್‌ಗೆ ಕಾರಲ್ಲಿ ಹೊರಟರೆ ಒಂದೇ ದಿನದಲ್ಲಿ ನಾಲ್ಕು ದೇಶ ಸಿಗುತ್ತವೆ. ಲಿಂಡಾವ್ ಹತ್ತಿರ ಜರ್ಮನಿ ಮುಗಿಯುತ್ತದೆ. ಬ್ರೆಗೆಂಝ್ ಬಳಿ ಸುರಂಗದೊಳಗೆ ನುಗ್ಗಿ ಎದ್ದು ಬರುವಷ್ಟರಲ್ಲಿ ಆಸ್ಟ್ರಿಯಾ ಅರ್ಧ ಆಗಿರುತ್ತದೆ. ಆಮೇಲೆ ಸ್ವಿಟ್ಜರ್ಲೆಂಡ್, ಸ್ಯಾನ್ ಬರ್ನಾರ್ಡಿನೊ ಸುರಂಗ, ಲುಗಾನೊ, ಕೊನೆಗೆ ಕಿಯಾಸೊದಲ್ಲಿ ಇಟಲಿ. ಜರ್ಮನಿಯಲ್ಲಿ ಕೆಲಸ ಮಾಡುವ ನಮ್ಮವರು ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗುವ ದಾರಿಗಳಲ್ಲಿ ಇದೂ ಒಂದು. ಆಗ ಕಾರಿನಲ್ಲಿ ಎರಡು ಥರದ ಸಿಮ್ ಇರುತ್ತವೆ. ಮಗಳ ಫೋನಿನಲ್ಲಿ ಜರ್ಮನ್ ಸಿಮ್, ಅಪ್ಪನ ಫೋನಿನಲ್ಲಿ ಅಂತರರಾಷ್ಟ್ರೀಯ ಪ್ಯಾಕ್ ಹಾಕಿಸಿದ ಭಾರತದ ಸಿಮ್. ಒಂದೇ ಸೀಟಿನ ಪಕ್ಕಪಕ್ಕದಲ್ಲಿದ್ದು, ಒಂದೇ ಟವರ್ ಹಿಡಿದರೂ ಇವೆರಡಕ್ಕೂ ಸಿಗುವ ನೆಟ್ ಬೇರೆ ಬೇರೆ. ಯಾಕೆ ಅಂತ ತಿಳಿದುಕೊಂಡರೆ ದಾರಿಯ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಪ್ರತಿ ಸಿಮ್‌ನೊಳಗೆ ಒಂದು ಗುರುತಿನ ಸಂಖ್ಯೆ ಇದೆ, ಸಾಮಾನ್ಯವಾಗಿ 15 ಅಂಕೆಯದ್ದು. ಅದು ನಿಮ್ಮ ಫೋನ್ ನಂಬರ್ ಅಲ್ಲ. ಅದರ ಮೊದಲ 3 ಅಂಕೆ ದೇಶವನ್ನು ಹೇಳುತ್ತವೆ: 404 ಅಥವಾ 405 ಅಂದರೆ ಭಾರತ, 262 ಜರ್ಮನಿ, 232 ಆಸ್ಟ್ರಿಯಾ, 228 ಸ್ವಿಟ್ಜರ್ಲೆಂಡ್, 222 ಇಟಲಿ. ಟವರುಗಳೂ ತಮ್ಮ ದೇಶದ ಸಂಖ್ಯೆಯನ್ನು ಬಿಡದೆ ಸಾರುತ್ತಿರುತ್ತವೆ. ಅಪ್ಪನ ಫೋನ್ ಸ್ವಿಸ್ ಟವರಿಗೆ ತನ್ನ ಗುರುತು ಕೊಟ್ಟಾಗ, ಆ ಕಂಪನಿ 404 ನೋಡಿ ಭಾರತದ ಕಂಪನಿಯನ್ನು ಕೇಳುತ್ತದೆ: ಇವರು ನಿಮ್ಮವರಾ, ಇವರಿಗೆ ನೆಟ್ ಕೊಡಬಹುದಾ? ಹೌದು ಅಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಎರಡು ಕಂಪನಿಗಳ ನಡುವೆ ಒಪ್ಪಂದ ಇಲ್ಲದಿದ್ದರೆ ಫೋನಿನಲ್ಲಿ ಐದು ಕಡ್ಡಿ ಸಿಗ್ನಲ್ ಬರುವಷ್ಟು ಹತ್ತಿರ ಟವರ್ ಇದ್ದರೂ ಪ್ರಯೋಜನವಿಲ್ಲ.

ಬಾಗಿಲು ತೆರೆದ ಮೇಲೆ ಏನಾಗುತ್ತದೆ ಅನ್ನುವುದು ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತಿ ಕುತೂಹಲದ ಭಾಗ. ಅಪ್ಪ ಮಿಲಾನ್‌ನ ಒಂದು ಹೋಟೆಲ್ ಹುಡುಕಿದರು ಅಂತಿಟ್ಟುಕೊಳ್ಳಿ. ಆ ಕೋರಿಕೆ ಟವರಿಂದ ಸೀದಾ ಮಿಲಾನ್‌ಗೆ ಹೋಗುವುದಿಲ್ಲ. ರೋಮಿಂಗ್‌ನಲ್ಲಿ ಡೇಟಾ ಸಾಮಾನ್ಯವಾಗಿ ಮೊದಲು ಸಿಮ್‌ನ ತವರಿಗೆ, ಅಂದರೆ ಭಾರತದ ಕಂಪನಿಯ ಗೇಟ್‌ವೇಗೆ ಹೋಗಿ, ಅಲ್ಲಿ ಇಂಟರ್ನೆಟ್‌ಗೆ ಇಳಿದು, ಮತ್ತೆ ಯುರೋಪಿಗೆ ಬಂದು, ಉತ್ತರ ತೆಗೆದುಕೊಂಡು ಭಾರತಕ್ಕೆ ವಾಪಸ್ ಹೋಗಿ, ಅಲ್ಲಿಂದ ಕಾರಿಗೆ ಬರುತ್ತದೆ. ಪಕ್ಕದ ಮನೆಯವರನ್ನು ಕರೆಯಲು ಊರಿಗೆ ಫೋನ್ ಮಾಡಿ, ಅಲ್ಲಿಂದ ಹೇಳಿಸಿದ ಹಾಗೆ. ಮುಂಬೈನಿಂದ ಮಿಲಾನ್‌ಗೆ ನೇರ ಗೆರೆ ಎಳೆದರೂ 6,000 ಕಿ.ಮೀ. ದಾಟುತ್ತದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ನಾಲ್ಕು ಸಲ ಈ ದೂರ ಕ್ರಮಿಸಲು ಕನಿಷ್ಠ 0.12 ಸೆಕೆಂಡ್ ಬೇಕು, ಕೇಬಲ್‌ಗಳು ಸಮುದ್ರದಡಿ ಸುತ್ತಿಕೊಂಡು ಹೋಗುವುದರಿಂದ ನಿಜಕ್ಕೂ ಇನ್ನೂ ಜಾಸ್ತಿ. ಕೇಳುವುದಕ್ಕೆ ಚಿಕ್ಕದು. ಆದರೆ ಒಂದು ಪುಟ ತೆರೆಯಲು ಇಂಥ ಹೋಗಿಬರುವ ಸುತ್ತು ಹತ್ತಾರು ಆಗುತ್ತವೆ, ಅವೆಲ್ಲ ಸೇರಿ ಸೆಕೆಂಡುಗಳಾಗುತ್ತವೆ. ಮಗಳ ಫೋನಿನ ಡೇಟಾ ಜರ್ಮನಿಗೆ ಹೋಗಿ ಬಂದರೆ ಸಾಕು. ಅಪ್ಪನ ಫೋನ್ ನಿಧಾನ ಅನ್ನಿಸಿದರೆ ಅದು ಫೋನಿನ ದೋಷ ಅಲ್ಲದೇ ಇರಬಹುದು, ದಾರಿಯೇ ಅಷ್ಟು ಉದ್ದ.

ಇದರಿಂದ ಒಂದು ಅನುಕೂಲವೂ ಇದೆ. ಅಪ್ಪನ ಫೋನ್ ಆಲ್ಪ್ಸ್ ಬೆಟ್ಟದ ನಡುವೆ ಇದ್ದರೂ ವೆಬ್‌ಸೈಟುಗಳ ಕಣ್ಣಿಗೆ ಭಾರತದಲ್ಲೇ ಇದ್ದ ಹಾಗೆ ಕಾಣುತ್ತದೆ. ಭಾರತದಲ್ಲಿ ಮಾತ್ರ ತೆರೆಯುವ ಕೆಲವು ಆ್ಯಪ್‌ಗಳು ಅದರಲ್ಲಿ ನಡೆಯುತ್ತವೆ, ಹೋಟೆಲ್ ವೈಫೈನಲ್ಲಿ ನಡೆಯುವುದಿಲ್ಲ. ಈಗ ಎಲ್ಲರೂ ಕೊಳ್ಳುವ ಪ್ರವಾಸಿ ಇ-ಸಿಮ್‌ಗಳಲ್ಲೂ (ಕಾರ್ಡ್ ಇಲ್ಲದೆ ಫೋನಿಗೇ ಇಳಿಸಿಕೊಳ್ಳುವ ಸಿಮ್) ಇದೇ ಕಥೆ. ನೀವು ಇಟಲಿಗೆ ಅಂತ ಕೊಂಡಿರುತ್ತೀರಿ, ಅದರ ತವರು ಹಲವು ಸಲ ಮೂರನೇ ಯಾವುದೋ ದೇಶದಲ್ಲಿರುತ್ತದೆ, ಬ್ಯಾಂಕ್ ಆ್ಯಪ್ ಆ ದೇಶ ನೋಡಿ ಅನುಮಾನ ಪಡಬಹುದು. ಹಾಗಾಗಿ ನನ್ನ ಸಲಹೆ: ಡೇಟಾಗೆ ಇ-ಸಿಮ್ ಇಟ್ಟುಕೊಂಡರೂ ಊರಿನ ಸಿಮ್ ತೆಗೆಯಬೇಡಿ. ಅದರ ಡೇಟಾ ರೋಮಿಂಗ್ ಆಫ್ ಮಾಡಿ, ಒಟಿಪಿ ಬರಲು ಬಿಡಿ. ಇನ್ನೊಂದು ಮಾತು, ಇ-ಸಿಮ್ ಇಳಿಸಿಕೊಳ್ಳಲು ನೆಟ್ ಬೇಕು. ಅದನ್ನು ಮನೆಯಲ್ಲೇ ಮುಗಿಸಿ.

ಈಗ ದುಡ್ಡಿನ ವಿಷಯ. ಯುರೋಪಿಯನ್ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ರೋಮಿಂಗ್‌ಗೆ ಪ್ರತ್ಯೇಕ ಶುಲ್ಕ ತೆಗೆದುಬಿಟ್ಟರು. ಜರ್ಮನ್ ಸಿಮ್ ಆಸ್ಟ್ರಿಯಾದಲ್ಲೂ ಇಟಲಿಯಲ್ಲೂ ಮನೆಯಲ್ಲಿದ್ದ ಹಾಗೇ ನಡೆಯುತ್ತದೆ, ಒಂದಷ್ಟು ನ್ಯಾಯಯುತ ಬಳಕೆಯ ಮಿತಿಯೊಳಗೆ. ನನಗೆ ಇದು ಬಹಳ ದೊಡ್ಡ ಕೆಲಸ ಅನ್ನಿಸುತ್ತದೆ, ಜನರ ಜೇಬಿಗೆ ಸೀದಾ ತಟ್ಟಿದ ಕಾನೂನು. ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿ ಇಲ್ಲ. ಕೆಲವು ಕಂಪನಿಗಳು ತಾವಾಗಿಯೇ ಅದನ್ನು ಪ್ಯಾಕಿನಲ್ಲಿ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ, ಹೊರಡುವ ಮುಂಚೆ ನೋಡಿಕೊಳ್ಳದಿದ್ದರೆ ದಾರಿಯ ನಟ್ಟನಡುವಿನ ಎರಡು ಮೂರು ಗಂಟೆಗೆ ಬಿಲ್ ಏರಬಹುದು. ಭೂಪಟದಲ್ಲಿ ಇನ್ನೂ ಒಂದು ಸೋಜಿಗ ಇದೆ. ಸ್ವಿಟ್ಜರ್ಲೆಂಡಿನ ಆ ಹೆದ್ದಾರಿ ರೈನ್ ನದಿಯ ಪಕ್ಕದಲ್ಲೇ ಸಾಗುತ್ತದೆ. ನದಿಯ ಆಚೆ ದಡ ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶ, ಅದು ಒಕ್ಕೂಟದಲ್ಲಿ ಇಲ್ಲದಿದ್ದರೂ ರೋಮಿಂಗ್ ನಿಯಮ ಅಲ್ಲಿಗೂ ಅನ್ವಯಿಸುತ್ತದೆ. ನದಿ ದಾಟಿ ಬರುವ ಅದರ ಸಿಗ್ನಲನ್ನು ಜರ್ಮನ್ ಸಿಮ್ ಇರುವ ಫೋನ್ ಹಿಡಿದರೆ ಹೆಚ್ಚಿನ ಖರ್ಚಿಲ್ಲ. ಆಚೆ ದಡದಲ್ಲಿರುವವರ ಫೋನ್ ಸ್ವಿಸ್ ಸಿಗ್ನಲ್ ಹಿಡಿದರೆ ಇದೇ ಉಲ್ಟಾ ಹೊಡೆಯುತ್ತದೆ.

ಕಾರಣ ಇಷ್ಟೇ, ರೇಡಿಯೊ ಅಲೆಗೆ ಗಡಿ ಗೊತ್ತಿಲ್ಲ. ಲಿಂಡಾವ್ ಇರುವ ಬೋಡನ್ ಸರೋವರದ ಸುತ್ತ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಮೂರೂ ಇವೆ, ನೀರಿನ ಮೇಲೆ ಅಡ್ಡ ಏನೂ ಇಲ್ಲ, ಒಂದು ದಡದ ಸಿಗ್ನಲ್ ಇನ್ನೊಂದು ದಡಕ್ಕೆ ಸಲೀಸಾಗಿ ಬರುತ್ತದೆ. ಅಕ್ಕಪಕ್ಕದ ದೇಶಗಳು ಗಡಿಯಲ್ಲಿ ಸಿಗ್ನಲ್ ಎಷ್ಟು ಬಲ ಇರಬಹುದು ಅಂತ ಒಪ್ಪಂದ ಮಾಡಿಕೊಂಡಿವೆ, ಆದರೂ ಪೂರ್ತಿ ತಡೆಯಲು ಆಗುವುದಿಲ್ಲ. ಮೇಲಾಗಿ ಫೋನ್ ಹಿಡಿದ ನೆಟ್‌ವರ್ಕನ್ನು ಸುಲಭಕ್ಕೆ ಬಿಡುವುದಿಲ್ಲ. ಹೊಸ ದೇಶದ ಟವರ್ ಎಷ್ಟೇ ಚೆನ್ನಾಗಿದ್ದರೂ ಹಳೆಯ ದೇಶದ ಸಿಗ್ನಲ್ ಸ್ವಲ್ಪ ಉಳಿದಿರುವವರೆಗೆ ಅದಕ್ಕೇ ಅಂಟಿಕೊಂಡಿರುತ್ತದೆ. ಗಡಿ ದಾಟಿ ಐದು ಹತ್ತು ನಿಮಿಷ ನೆಟ್ ತೆವಳುವುದು ಇದೇ ಕಾರಣಕ್ಕೆ. ಪಕ್ಕದಲ್ಲಿ ಕೂತವರು ಏರೋಪ್ಲೇನ್ ಮೋಡ್ ಒಮ್ಮೆ ಹಾಕಿ ತೆಗೆದರೆ ಫೋನ್ ಹೊಸದಾಗಿ ಹುಡುಕುತ್ತದೆ. ಗಡಿಯ ಹತ್ತಿರವೇ ಉಳಿಯುವುದಾದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಕೈಯಾರೆ ಆರಿಸಿಬಿಡಿ. (ನಮ್ಮ ಕಡೆಯಿಂದ ಕಾರಲ್ಲಿ ನೇಪಾಳಕ್ಕೆ ಹೋಗುವವರಿಗೆ ಸುನೌಲಿ ಗಡಿಯಲ್ಲಿ ಫೋನ್ ಯಾವ ದೇಶದ ಟವರ್ ಹಿಡಿದಿದೆ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ನೇಪಾಳದ ಸಮಯ ನಮಗಿಂತ 15 ನಿಮಿಷ ಮುಂದೆ. ಗಡಿಯಾರ ಇದ್ದಕ್ಕಿದ್ದ ಹಾಗೆ ಕಾಲು ಗಂಟೆ ಹಾರಿದರೆ ಫೋನ್ ಆಚೆಯ ಟವರ್ ಹಿಡಿದಿರಬಹುದು.)

ಕಾರಿನ ವೇಗದಿಂದ ನೆಟ್ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಗಂಟೆಗೆ 130 ಕಿ.ಮೀ. ವೇಗದಲ್ಲಿ ಹೋದರೆ 800 ಮೆಗಾಹರ್ಟ್ಸ್ ಅಲೆಯ ಕಂಪನ ಬದಲಾಗುವುದು ನೂರು ಹರ್ಟ್ಸ್‌ಗಿಂತಲೂ ಕಡಿಮೆ, 4ಜಿಯಲ್ಲಿ ಡೇಟಾ ಹೊರುವ ಒಂದು ಅಲೆಗೂ ಪಕ್ಕದ ಇನ್ನೊಂದಕ್ಕೂ ನಡುವಿನ ಅಂತರ 15,000 ಹರ್ಟ್ಸ್. ಅದರ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಬ್ಯಾಂಡ್ 20 ಎಂಬ ಯುರೋಪಿನ ಆ 800 ಮೆಗಾಹರ್ಟ್ಸ್ ಬ್ಯಾಂಡ್ (ಅಲೆಗಳ ಒಂದು ಪಟ್ಟಿ) ಅಲ್ಲಿನ ಹಳ್ಳಿಗಾಡಿನಲ್ಲಿ ದೂರಕ್ಕೆ ತಲುಪುವಂಥದ್ದು, ನಮ್ಮಲ್ಲಿ ಬ್ಯಾಂಡ್ 20 ಅನ್ನು 4ಜಿಗೆ ಬಳಸುವುದಿಲ್ಲ, ಹಾಗಾಗಿ ಭಾರತದಲ್ಲಿ ಮಾರುವ ಕೆಲವು ಫೋನುಗಳಲ್ಲಿ ಅದು ಇರುವುದೇ ಇಲ್ಲ. ಸ್ಪೆಕ್ಸ್ ಪಟ್ಟಿಯಲ್ಲಿ ಬ್ಯಾಂಡ್ 20 ಇದೆಯಾ ನೋಡಿ.

ಇಷ್ಟೆಲ್ಲ ಇದ್ದರೂ ದಾರಿ ತಪ್ಪುವ ಭಯ ಬೇಡ, ಯಾಕೆಂದರೆ ನೀವು ಎಲ್ಲಿದ್ದೀರಿ ಅಂತ ಫೋನ್ ತಿಳಿಯುವುದಕ್ಕೆ ನೆಟ್ ಬೇಕಾಗಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸುಮ್ನೆ ಸಾರುತ್ತಿರುತ್ತವೆ, ಫೋನ್ ಕೇಳಿಸಿಕೊಳ್ಳುತ್ತದೆ, ಅಷ್ಟೇ. ನೆಟ್ ಇದ್ದರೆ ಉಪಗ್ರಹಗಳ ಸ್ಥಾನದ ವಿವರ ಕ್ಷಣದಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಕೇಳಿಸಿಕೊಳ್ಳಬೇಕು, ಅರ್ಧ ನಿಮಿಷವೋ ಒಂದು ನಿಮಿಷವೋ ಹಿಡಿಯುತ್ತದೆ. ಬೇಕಾಗಿರುವುದು ಮ್ಯಾಪ್ ಮಾತ್ರ. ಅದನ್ನು ಹಿಂದಿನ ರಾತ್ರಿ ವೈಫೈನಲ್ಲಿ ಇಳಿಸಿಕೊಳ್ಳಿ, ಟ್ರಾಫಿಕ್ ಮಾಹಿತಿ ಬಿಟ್ಟರೆ ಉಳಿದದ್ದೆಲ್ಲ ನಡೆಯುತ್ತದೆ. ಸ್ಯಾನ್ ಬರ್ನಾರ್ಡಿನೊದಲ್ಲಿ ಇದು ತಿರುವುಮುರುವಾಗುತ್ತದೆ. 1967ರಲ್ಲಿ ತೆರೆದ ಆ ಸುರಂಗ 6.6 ಕಿ.ಮೀ. ಉದ್ದ. ಇಂಥ ದೊಡ್ಡ ಸುರಂಗಗಳಲ್ಲಿ ಸಾಮಾನ್ಯವಾಗಿ ಮೊಬೈಲ್ ಸಿಗ್ನಲ್ ಒಳಗೇ ಸಿಗುವಂತೆ ಮಾಡಿರುತ್ತಾರೆ, ಹೊರಕವಚದಲ್ಲಿ ಸಣ್ಣ ಸಣ್ಣ ಸೀಳು ಬಿಟ್ಟ ಕೇಬಲ್‌ಗಳಿಂದ ಅಲೆ ಜಿನುಗುತ್ತದೆ. ಆದರೆ ಉಪಗ್ರಹದ ಸಿಗ್ನಲ್ ಬಂಡೆ ತೂರಿ ಬರುವುದಿಲ್ಲ. ಫೋನ್ ಆಗ ಹಿಂದಿನ ವೇಗ ನೋಡಿ ಅಂದಾಜಿನಲ್ಲೇ ಬಾಣ ಮುಂದೆ ತಳ್ಳುತ್ತಿರುತ್ತದೆ. ಸುರಂಗದಿಂದ ಹೊರಬಂದ ಕೂಡಲೇ ತಿರುವು ಇದ್ದರೆ ಬೋರ್ಡ್ ನಂಬಿ, ಫೋನನ್ನಲ್ಲ.

ಯಾವ ಪ್ಯಾಕೂ ಇಲ್ಲದಾಗ ಕೆಲಸ ಮಾಡುವ ಒಂದು ನಂಬರನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ: 112. ಭಾರತದಲ್ಲೂ ತುರ್ತಿಗೆ ಅದೇ ಇರುವುದರಿಂದ ನೆನಪಿಡುವುದು ಸುಲಭ. ಈ ನಾಲ್ಕೂ ದೇಶಗಳಲ್ಲಿ ಅದು ನಡೆಯುತ್ತದೆ. ನಿಮ್ಮ ಕಂಪನಿಗೆ ಒಪ್ಪಂದ ಇಲ್ಲದಿದ್ದರೂ ಪಕ್ಕದಲ್ಲಿರುವ ಯಾವುದೇ ಟವರ್ ಆ ಕರೆಯನ್ನು ತೆಗೆದುಕೊಳ್ಳುತ್ತದೆ. ಜರ್ಮನಿಯಲ್ಲಿ ಮಾತ್ರ ಫೋನಿನೊಳಗೆ ಸಿಮ್ ಇರಲೇಬೇಕು, ಹಾಗಾಗಿ ಖಾಲಿ ಹಳೆಯ ಫೋನನ್ನು ತುರ್ತಿಗೆ ಅಂತ ಕಾರಿನಲ್ಲಿಟ್ಟುಕೊಂಡರೆ ಅದು ಲಿಂಡಾವ್ ದಾಟುವವರೆಗೂ ಉಪಯೋಗಕ್ಕೆ ಬರುವುದಿಲ್ಲ.